ಪರಾವಲಂಬಿ ಸೋಂಕು ಮತ್ತು ಮಧುಮೇಹ

ಮನುಷ್ಯನ ದೇಹದಲ್ಲಿ ವರ್ಷಗಟ್ಟಲೆ ಬೀಡುಬಿಡುವ ಪರಾವಲಂಬಿ ಜೀವಿಗಳಿಗೂ ಮಧುಮೇಹಕ್ಕೂ ಇರಬಹುದಾದ ನಂಟನ್ನು ವೈದ್ಯವಿಜ್ಞಾನ ಸುಮಾರು ಕಾಲು ಶತಮಾನದಿಂದ ಪರಿಶೀಲಿಸುತ್ತಿದೆ. ಈ ಜೀವಿಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಒಂದು, ಕರುಳಿನ ಜಂತುಹುಳು, ಕೊಕ್ಕೆಹುಳು, ಆನೆಕಾಲು ರೋಗ ತರುವ ಫೈಲೇರಿಯಾ ಹುಳು ಮುಂತಾದ ಹುಳುಗಳ ಗುಂಪು. ಇನ್ನೊಂದು, ಮಲೇರಿಯಾ, ಕಾಲಾ ಅಜಾರ್, ಟಾಕ್ಸೊಪ್ಲಾಸ್ಮೋಸಿಸ್ ರೋಗಗಳಿಗೆ ಕಾರಣವಾಗುವ ಏಕಕೋಶ ಜೀವಿಗಳ ಗುಂಪು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇವೆರಡರ ನಡತೆ ಒಂದೇ ಅಲ್ಲ. ಹುಳು ಹೊಕ್ಕ ಮೈ ರೋಗಗಳ ತವರು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹುಳುಗಳ ಗುಂಪಿನ ಬಗ್ಗೆ ಇಲ್ಲಿಯವರೆಗೆ ಸಿಕ್ಕಿರುವ ಸಾಕ್ಷ್ಯ ಬಹುಮಟ್ಟಿಗೆ ತಿರುಗುಮುರುಗಾಗಿದೆ. ದೀರ್ಘಕಾಲದ ಹುಳುಸೋಂಕು ಇರುವವರಲ್ಲಿ ಮಧುಮೇಹ ಕಡಿಮೆ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಣ್ಣಿನ ಮೂಲಕ ಹರಡುವ ಕರುಳುಹುಳುಗಳು ಸುಮಾರು 150 ಕೋಟಿ ಜನರಲ್ಲಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದೂ ಮಧುಮೇಹದ ಹೊಸ್ತಿಲಲ್ಲಿ ಇರುವವರನ್ನು 13.6 ಕೋಟಿ ಎಂದೂ ಲೆಕ್ಕ ಹಾಕಿತು. ಹುಳುಗಳು ಹಿಂದೆ ಸರಿದ ನಾಡುಗಳಲ್ಲಿ ಸಕ್ಕರೆ ಕಾಯಿಲೆ ಮುಂದೆ ಬಂದಿದೆ ಎಂಬುದು ನಕಾಶೆ ನೋಡಿದರೆ ಯಾರಿಗಾದರೂ ಹೊಳೆಯುವ ಮಾತು. ಆದರೆ ಶೌಚಾಲಯ ಮತ್ತು ಚಪ್ಪಲಿ ಬಂದ ಊರಿಗೆ ಮೋಟಾರ್ ಬೈಕು, ಪಾಲಿಶ್ ಅಕ್ಕಿ, ಕುಳಿತು ಮಾಡುವ ಕೆಲಸಗಳೂ ಅದೇ ದಾರಿಯಲ್ಲಿ ಬಂದಿವೆ. ನಕಾಶೆಯಿಂದ ಇದಕ್ಕಿಂತ ಹೆಚ್ಚಿನದು ತಿಳಿಯುವುದಿಲ್ಲ.

ಸಂಶಯ ಹುಟ್ಟಿದ ಬಗೆ

1989ರಲ್ಲಿ ಡೇವಿಡ್ ಸ್ಟ್ರಾಕನ್ ಎಂಬ ಬ್ರಿಟಿಷ್ ಸಾಂಕ್ರಾಮಿಕ ರೋಗತಜ್ಞರು ಅಣ್ಣ-ಅಕ್ಕಂದಿರು ಹೆಚ್ಚಿರುವ ಮನೆಯ ಮಕ್ಕಳಲ್ಲಿ ಅಲರ್ಜಿ ನೆಗಡಿ ಕಡಿಮೆ ಎಂದು ತೋರಿಸಿದರು. ಎಳವೆಯಲ್ಲಿ ತಗಲುವ ಸೋಂಕುಗಳು ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ ಎಂಬ ‘ನೈರ್ಮಲ್ಯ ಸಿದ್ಧಾಂತ’ಕ್ಕೆ ಇದು ಬುನಾದಿಯಾಯಿತು. ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಬಾಕ್ 2002ರಲ್ಲಿ ಈ ವಾದವನ್ನು ಸ್ವನಿರೋಧಕ ರೋಗಗಳಿಗೂ ವಿಸ್ತರಿಸಿದರು. ದೇಹದ ರಕ್ಷಣಾ ಕೋಶಗಳು ಸ್ವಂತ ಅಂಗದ ಮೇಲೇ ತಿರುಗಿಬೀಳುವ ರೋಗಗಳಿವು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಹೀಗೆ ನಾಶವಾಗಿ ಬರುವ ಮೊದಲನೆಯ ಬಗೆಯ ಮಧುಮೇಹವೂ ಈ ಸಾಲಿಗೆ ಸೇರುತ್ತದೆ. ಅದು ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ದೇಶ ಫಿನ್‌ಲೆಂಡ್. ಗಡಿಯಾಚೆ ರಷ್ಯಾದ ಕರೇಲಿಯಾದಲ್ಲಿ ಹತ್ತಿರದ ವಂಶದವರೇ ನೆಲೆಸಿದ್ದರೂ ಈ ರೋಗ ಅಲ್ಲಿ ಸುಮಾರು ಆರನೇ ಒಂದು ಪಾಲು ಮಾತ್ರ.

ಹುಳುವಿನತ್ತ ನೇರವಾಗಿ ಬೊಟ್ಟು ಮಾಡಿದ ಪ್ರಯೋಗ ನಡೆದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಜಪಾನಿನಲ್ಲಿ 1980ರ ಸುಮಾರಿಗೆ ರೂಢಿಗೆ ಬಂದ ‘ನಾಡ್’ ಎಂಬ ಇಲಿತಳಿಯಲ್ಲಿ ಹೆಣ್ಣಿಲಿಗಳ ಬಹುಪಾಲಿಗೆ ತಾನಾಗಿಯೇ ಮೊದಲನೆಯ ಬಗೆಯ ಮಧುಮೇಹ ಬರುತ್ತದೆ. ಆ್ಯನ್ ಕುಕ್ ಮತ್ತು ಸಂಗಡಿಗರು ಈ ಇಲಿಗಳಿಗೆ ಸ್ಕಿಸ್ಟೋಸೋಮಾ ಮ್ಯಾನ್ಸೋನಿ ಎಂಬ ರಕ್ತಹುಳುವಿನ ಸೋಂಕು ಹತ್ತಿಸಿದಾಗ ಮಧುಮೇಹ ಬರಲಿಲ್ಲ. ಹುಳುವಿನ ಮೊಟ್ಟೆಗಳನ್ನಷ್ಟೇ ಚುಚ್ಚಿದಾಗಲೂ ಬರಲಿಲ್ಲ. ಈ ಫಲಿತಾಂಶ ಅಚ್ಚಾದದ್ದು 1999ರಲ್ಲಿ. ಜೀವಂತ ಹುಳುವೇ ಬೇಕಿಲ್ಲ, ಅದರ ಮೊಟ್ಟೆಯಲ್ಲಿರುವ ಯಾವುದೋ ವಸ್ತು ಸಾಕು ಎಂಬ ಸೂಚನೆ ಮುಂದಿನ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. ಬೇರೆ ಬೇರೆ ಹುಳುಗಳಿಂದಲೂ ಇಂಥದೇ ಫಲ ಸಿಕ್ಕಿದೆ. ಒಂದು ಷರತ್ತನ್ನು ಮಾತ್ರ ಮರೆಯುವಂತಿಲ್ಲ. ರಕ್ಷಣೆ ಸಿಗಬೇಕಾದರೆ ಸೋಂಕು ಇಲಿಯ ಎಳವೆಯಲ್ಲೇ ಆಗಿರಬೇಕು. ಬೀಟಾ ಕೋಶಗಳು ಸತ್ತುಹೋದ ಮೇಲೆ ಯಾವ ಹುಳುವೂ ಅವನ್ನು ಮರಳಿ ತಂದುಕೊಡುವುದಿಲ್ಲ.

ಹುಳು ಮೈಯೊಳಗೆ ನಡೆಸುವ ರಾಜಿ

ಬ್ಯಾಕ್ಟೀರಿಯಾ, ವೈರಸ್‌ಗಳ ದಾರಿ ಬೇರೆ. ಅವು ಬೇಗ ಹೆಚ್ಚಿ ಬೇಗ ಹರಡಿ ಮುಂದಕ್ಕೆ ಹೋಗುತ್ತವೆ. ಹುಳುವಿಗೆ ಆ ಅನುಕೂಲವಿಲ್ಲ. ಒಂದು ಕೊಕ್ಕೆಹುಳು ಕರುಳಿನಲ್ಲಿ ಹಲವು ವರ್ಷ ಬದುಕಬೇಕು. ಫೈಲೇರಿಯಾದ ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ಐದಾರು ವರ್ಷ ಸಂಸಾರ ಹೂಡಬೇಕು. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ ಪರಕೀಯ ಪ್ರಾಣಿ ಇಷ್ಟು ಕಾಲ ಉಳಿಯಬೇಕೆಂದರೆ ಒಡೆಯನ ರಕ್ಷಣಾ ವ್ಯವಸ್ಥೆ ತಣ್ಣಗಿರಬೇಕು. ಅದನ್ನು ತಣಿಸುವ ಕಲೆಯನ್ನು ಹುಳುಗಳು ವಿಕಾಸದ ಹಾದಿಯಲ್ಲಿ ಚೆನ್ನಾಗಿಯೇ ರೂಢಿಸಿಕೊಂಡಿವೆ.

ಈ ತಣಿಸುವಿಕೆ ಎರಡನೆಯ ಬಗೆಯ ಮಧುಮೇಹಕ್ಕೆ ಹೇಗೆ ತಾಗುತ್ತದೆ ಎಂಬುದು ಈ ವಿಷಯದ ತಿರುಳು. ಹೊಟ್ಟೆಯ ಸುತ್ತ ಕೊಬ್ಬು ತುಂಬಿದಾಗ ಆ ಕೊಬ್ಬಿನ ಅಂಗಾಂಶದೊಳಗೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಜಮಾಯಿಸುತ್ತವೆ. ಅಲ್ಲಿ ಅವು ಉರಿಯೂತ ಹೆಚ್ಚಿಸುವ ಟಿಎನ್‌ಎಫ್‌ನಂಥ ರಾಸಾಯನಿಕಗಳನ್ನು ಸುರಿಸುತ್ತವೆ. ಇದರಿಂದ ಇನ್ಸುಲಿನ್ ಕೊಡುವ ಸಂದೇಶ ಕೋಶಗಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಇನ್ಸುಲಿನ್ ಪ್ರತಿರೋಧ ಎನ್ನುವುದು ಇದನ್ನೇ. ಸ್ಥೂಲ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಹೆಚ್ಚುವುದನ್ನೂ ಅದನ್ನು ತಡೆದರೆ ಇನ್ಸುಲಿನ್ ಮತ್ತೆ ಕೆಲಸ ಮಾಡುವುದನ್ನೂ ಹಾರ್ವರ್ಡ್‌ನಲ್ಲಿ ಗೋಖನ್ ಹೋತಾಮಿಸ್ಲಿಗಿಲ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದರು. ಮಧುಮೇಹವನ್ನು ಬರೀ ಸಕ್ಕರೆಯ ಲೆಕ್ಕವೆಂದು ನೋಡುವುದನ್ನು ಬಿಟ್ಟು ಮಂದಗತಿಯ ಉರಿಯೂತದ ರೋಗವೆಂದೂ ನೋಡುವ ಕ್ರಮ ಬಲಗೊಂಡದ್ದು ಅಲ್ಲಿಂದ.

ಕರುಳಿಗೆ ಹುಳು ಬಂದಾಗ ಚಿತ್ರ ಬದಲಾಗುತ್ತದೆ. ಕರುಳಿನ ಒಳಪದರ ಅದನ್ನು ಗುರುತಿಸಿ ಸಂಕೇತ ಕಳಿಸುತ್ತದೆ. ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಪ್ರೋಟೀನುಗಳು ಹೆಚ್ಚುತ್ತವೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣಗಳು ಏರುತ್ತವೆ. ಇವು ಹೆಚ್ಚಿದವರನ್ನೇ ನಮ್ಮ ಜನ ‘ಇಸ್ನೋಫೀಲಿಯಾ ಆಗಿದೆ’ ಎನ್ನುವುದು. ಈ ಕಣಗಳು ಕೊಬ್ಬಿನ ಅಂಗಾಂಶಕ್ಕೂ ಹೋಗಿ ಕೂರುತ್ತವೆ. ಅಲ್ಲಿ ಅವು ಹೊರಸೂಸುವ ಇಂಟರ್‌ಲ್ಯೂಕಿನ್ 4ರಿಂದ ಉರಿ ಹಚ್ಚುತ್ತಿದ್ದ ಮ್ಯಾಕ್ರೊಫೇಜ್‌ಗಳು ಗಾಯ ಮಾಯಿಸುವ, ಶಾಂತ ಸ್ವಭಾವದ ಕೋಶಗಳಾಗಿ ಮಾರ್ಪಡುತ್ತವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2011ರಲ್ಲಿ ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ತೋರಿಸಲಾಯಿತು. ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳಿಗೆ ನಿಪ್ಪೋಸ್ಟ್ರಾಂಜಿಲಸ್ ಎಂಬ ಇಲಿಹುಳುವನ್ನು ಹತ್ತಿಸಿದಾಗ ಅವು ಗ್ಲೂಕೋಸ್ ನಿಭಾಯಿಸುವ ಶಕ್ತಿ ಸುಧಾರಿಸಿತು. ಆ ಹುಳುವನ್ನು ಇಲಿ ಹತ್ತು ದಿನದೊಳಗೆ ಹೊರಹಾಕಿಬಿಡುತ್ತದೆ. ಹಾಗಿದ್ದರೂ ಸುಧಾರಣೆ ವಾರಗಟ್ಟಲೆ ಉಳಿಯಿತು. ಇಯೊಸಿನೊಫಿಲ್ ಇಲ್ಲದಂತೆ ಬೆಳೆಸಿದ ಇಲಿಗಳು ಅದೇ ಆಹಾರ ತಿಂದು ಇನ್ನಷ್ಟು ದಪ್ಪಗಾದವು, ಅವುಗಳ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿತು.

ಇದರ ಜೊತೆಗೆ ಇಂಟರ್‌ಲ್ಯೂಕಿನ್ 10ರಂಥ ಶಮನಕಾರಿಗಳೂ ನಿಯಂತ್ರಕ ಟಿ-ಕೋಶಗಳೂ ಹೆಚ್ಚುತ್ತವೆ. ಕರುಳಿನ ಸೂಕ್ಷ್ಮಜೀವಿಗಳ ಬಳಗ ಬದಲಾಗುತ್ತದೆ. ತಿಂದದ್ದರಲ್ಲಿ ಹುಳುವಿಗೂ ಪಾಲು ಹೋಗುತ್ತದೆ, ಹಸಿವು ಕುಗ್ಗುತ್ತದೆ, ತೂಕ ಇಳಿಯುತ್ತದೆ. ತೂಕ ಇಳಿದರೆ ಸಕ್ಕರೆ ಇಳಿಯುವುದರಲ್ಲಿ ಅಚ್ಚರಿಯೇನೂ ಇಲ್ಲ. ಹುಳುವಿನ ಗುಣವೆಷ್ಟು, ಬಡಕಲುತನದ ಗುಣವೆಷ್ಟು ಎಂದು ಬೇರ್ಪಡಿಸುವುದೇ ಈ ಕ್ಷೇತ್ರದ ದೊಡ್ಡ ತಲೆನೋವು.

ಮನುಷ್ಯರಲ್ಲಿ ಕಂಡದ್ದು

ದಕ್ಷಿಣ ಭಾರತದ ಓದುಗರಿಗೆ ಹತ್ತಿರದ ಸಾಕ್ಷ್ಯ ಚೆನ್ನೈನದು. ಅಲ್ಲಿ ಕ್ಯೂರ್ಸ್ ಎಂಬ ದೊಡ್ಡ ಮಧುಮೇಹ ಸಮೀಕ್ಷೆ ನಡೆದಿತ್ತು. ಅದರಲ್ಲಿ ಭಾಗವಹಿಸಿದವರ ರಕ್ತದಲ್ಲಿ ಫೈಲೇರಿಯಾ ಹುಳುವಿನ ಕುರುಹು ಇದೆಯೇ ಎಂದು ಸಂಶೋಧಕರು ಹುಡುಕಿದರು. ಫೈಲೇರಿಯಾದ ಮರಿಹುಳುಗಳು ರಾತ್ರಿ ಹೊತ್ತು ಮಾತ್ರ ಮೇಲ್ಮೈ ರಕ್ತಕ್ಕೆ ಬರುತ್ತವೆ. ಆದ್ದರಿಂದಲೇ ಹಿಂದಿನಿಂದಲೂ ಆರೋಗ್ಯ ಸಿಬ್ಬಂದಿ ಊಟದ ಹೊತ್ತು ಕಳೆದ ಮೇಲೆ ಗಾಜಿನ ಪಟ್ಟಿ, ಸೂಜಿ ಹಿಡಿದು ಮನೆಮನೆಗೆ ಹೋಗಿ, ನಿದ್ದೆಗಣ್ಣಿನಲ್ಲಿದ್ದವರ ಬೆರಳು ಚುಚ್ಚುತ್ತಿದ್ದರು. ಚೆನ್ನೈನ ಅಧ್ಯಯನದಲ್ಲಿ ಹುಳುವಿನ ಪ್ರತಿಜನಕವನ್ನು ಪತ್ತೆಹಚ್ಚುವ ಪರೀಕ್ಷೆ ಬಳಸಿದ್ದರಿಂದ ಹಗಲಿನಲ್ಲಿ ತೆಗೆದ ರಕ್ತವೇ ಸಾಕಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಧುಮೇಹವಿಲ್ಲದವರಲ್ಲಿ ಶೇ 10.4, ಮಧುಮೇಹದ ಹೊಸ್ತಿಲಲ್ಲಿದ್ದವರಲ್ಲಿ ಶೇ 9.1, ಹೊಸದಾಗಿ ಪತ್ತೆಯಾದ ಮಧುಮೇಹಿಗಳಲ್ಲಿ ಶೇ 5.7, ಆಗಲೇ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 4.3 ಮಂದಿಗೆ ಸೋಂಕು ಇತ್ತು. ಮಧುಮೇಹ ಇದ್ದೂ ಸೋಂಕೂ ಇದ್ದವರ ರಕ್ತದಲ್ಲಿ ಉರಿಯೂತದ ರಾಸಾಯನಿಕಗಳು ಕಡಿಮೆ ಇದ್ದವು. ಅದೇ ತಂಡ ಮೊದಲನೆಯ ಬಗೆಯ ಮಧುಮೇಹಿಗಳನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಫೈಲೇರಿಯಾ ಸಿಗಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಈ ಅಂಕಿಗಳು ಆನೆಕಾಲು ಆದವರ ಲೆಕ್ಕವಲ್ಲ. ಹೊರಗೆ ಏನೂ ಕಾಣದೆ ಒಳಗೆ ಹುಳು ಇಟ್ಟುಕೊಂಡವರ ಲೆಕ್ಕ. ಕಾಲು ಬಾತು ಚರ್ಮ ದಪ್ಪಗಾದ ಮೇಲೆ ಅನೇಕರಲ್ಲಿ ಹುಳು ಸತ್ತೇ ಹೋಗಿರುತ್ತದೆ. ಆ ಹಂತದಲ್ಲಿ ಇರುವುದು ಹುಳು ಬಿಟ್ಟುಹೋದ ಹಾನಿ ಮಾತ್ರ. ಅಂಥ ಕಾಲಿನ ಮೇಲೆ ಮಧುಮೇಹವೂ ಸೇರಿದರೆ ಬೆರಳ ಸಂದಿಯ ಸಣ್ಣ ಬಿರುಕೇ ದೊಡ್ಡ ಹುಣ್ಣಾಗುತ್ತದೆ.

ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಕಿಂಬರ್ಲಿಯಲ್ಲಿ ಮೂಲನಿವಾಸಿಗಳ ದೂರದ ಹಳ್ಳಿಯೊಂದರಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ಸ್ಟ್ರಾಂಜಿಲಾಯ್ಡಿಸ್ ಹುಳುವಿನದು. ಸೋಂಕಿದ್ದ ವಯಸ್ಕರಲ್ಲಿ ಎರಡನೆಯ ಬಗೆಯ ಮಧುಮೇಹ ಇರುವ ಸಾಧ್ಯತೆ ಸುಮಾರು ಶೇ 60ರಷ್ಟು ಕಡಿಮೆ ಇತ್ತು. ವಯಸ್ಸು, ತೂಕಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಹೋಗಲಿಲ್ಲ. ಚೀನಾದ ಹಳ್ಳಿಗಳಲ್ಲಿ ಹಿಂದೆಂದೋ ಸ್ಕಿಸ್ಟೋಸೋಮಾ ಸೋಂಕು ತಗಲಿ ವಾಸಿಯಾದವರಲ್ಲೂ ಮಧುಮೇಹ ಕಡಿಮೆ ಎಂದು 2013ರಲ್ಲಿ ವರದಿಯಾಯಿತು. ಇವೆಲ್ಲ ಒಂದು ಹೊತ್ತಿನಲ್ಲಿ ತೆಗೆದ ಚಿತ್ರಗಳು. ಹುಳು ಇದ್ದುದರಿಂದ ಮಧುಮೇಹ ಬರಲಿಲ್ಲವೋ, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಹುಳುವೂ ಇತ್ತು, ದುಡಿಮೆಯಿಂದ ಮಧುಮೇಹವೂ ದೂರವಿತ್ತೋ ಎಂಬುದು ಇವುಗಳಿಂದ ಇತ್ಯರ್ಥವಾಗದು.

ಇತ್ಯರ್ಥ ಮಾಡುವ ದಾರಿ ಎಂದರೆ ಹುಳು ತೆಗೆದು ನೋಡುವುದು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ನಂಗಾಪಂಡಾ ಪ್ರದೇಶದಲ್ಲಿ ಇಂಡೊನೇಷ್ಯಾ ಮತ್ತು ನೆದರ್‌ಲೆಂಡ್ಸ್‌ನ ಲೈಡನ್‌ನ ತಜ್ಞರು ‘ಶುಗರ್‌ಸ್ಪಿನ್’ ಎಂಬ ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಮನೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೂರು ತಿಂಗಳಿಗೊಮ್ಮೆ ಮೂರು ದಿನ ಅಲ್ಬೆಂಡಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಒಂದು ವರ್ಷದ ಕೊನೆಗೆ ಇಡೀ ಸಮುದಾಯದ ಇನ್ಸುಲಿನ್ ಪ್ರತಿರೋಧದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲು ಹುಳು ಇದ್ದು ಈಗ ಔಷಧ ಪಡೆದವರನ್ನಷ್ಟೇ ತೆಗೆದು ನೋಡಿದರೆ ಅವರಲ್ಲಿ ಪ್ರತಿರೋಧ ಏರಿತ್ತು, ಇಯೊಸಿನೊಫಿಲ್ ಇಳಿದಿತ್ತು. ಉಗಾಂಡಾದ ವಿಕ್ಟೋರಿಯಾ ಸರೋವರದ ದ್ವೀಪಗಳಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ (ಫಲಿತಾಂಶ ಬಂದದ್ದು 2020ರ ಸುಮಾರಿಗೆ) ಹುಳುವಿನ ಮಾತ್ರೆ ಹೆಚ್ಚು ಪಡೆದ ಹಳ್ಳಿಗಳಲ್ಲಿ ಇನ್ಸುಲಿನ್ ಪ್ರತಿರೋಧ ಬದಲಾಗಲಿಲ್ಲ. ಕೆಟ್ಟ ಕೊಲೆಸ್ಟರಾಲ್ ಮಾತ್ರ ತುಸು ಹೆಚ್ಚಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪರಿಣಾಮ ನಿಜವಿರಬಹುದು, ಆದರೆ ಸಣ್ಣದು ಎನ್ನಬೇಕಾಗುತ್ತದೆ. ಹುಳು ತೆಗೆದದ್ದರಿಂದಲೇ ಒಂದು ಊರಿಗೆ ಊರೇ ಸಕ್ಕರೆ ಕಾಯಿಲೆಗೆ ಬಿತ್ತು ಎನ್ನುವುದಕ್ಕೆ ಆಧಾರವಿಲ್ಲ.

ಬೇಕೆಂದೇ ಹುಳು ಬಿಟ್ಟುಕೊಂಡವರು

ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ತಂಡ ಹುಳು ತೆಗೆದು ನೋಡುವುದಕ್ಕೆ ಎದುರು ದಾರಿ ಹಿಡಿಯಿತು. ಹೊಟ್ಟೆ ದಪ್ಪಗಿದ್ದು ಇನ್ಸುಲಿನ್ ಪ್ರತಿರೋಧವಿದ್ದ, ಇನ್ನೂ ಮಧುಮೇಹ ಬಾರದ 40 ಜನ ಮುಂದೆ ಬಂದರು. ಅವರಲ್ಲಿ ಕೆಲವರಿಗೆ ನೆಕೇಟರ್ ಅಮೆರಿಕಾನಸ್ ಎಂಬ ಕೊಕ್ಕೆಹುಳುವಿನ 20 ಮರಿಗಳನ್ನು, ಕೆಲವರಿಗೆ 40 ಮರಿಗಳನ್ನು ಚರ್ಮದ ಮೂಲಕ ಹತ್ತಿಸಲಾಯಿತು. ಉಳಿದವರಿಗೆ ಹುಸಿಮದ್ದು. ಕಣ್ಣಿಗೆ ಕಾಣದ ಆ ಮರಿಗಳು ಚರ್ಮ ಕೊರೆದು ಒಳನುಗ್ಗುವಾಗ ಅಲ್ಲಿ ತುರಿಕೆ ಏಳುತ್ತದೆ. ಅಲ್ಲಿಂದ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳು ಸೇರಿ, ಅಲ್ಲಿ ಬಾಯೂರಿ ರಕ್ತ ಹೀರುತ್ತವೆ. ತೋಟದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕೊಕ್ಕೆಹುಳು ತಗಲುವುದೂ ಇದೇ ಹಾದಿಯಲ್ಲಿ. ಎರಡು ವರ್ಷ ನಡೆದ ಈ ಪ್ರಯೋಗದ ಮುಖ್ಯ ಉದ್ದೇಶ ಸುರಕ್ಷತೆಯನ್ನು ನೋಡುವುದಾಗಿತ್ತು. 2023ರ ವರದಿಯಂತೆ 20 ಮರಿಗಳನ್ನು ಪಡೆದ ಗುಂಪಿನಲ್ಲಿ, ಉಪವಾಸದ ಸಕ್ಕರೆ ಮತ್ತು ಇನ್ಸುಲಿನ್‌ನಿಂದ ಲೆಕ್ಕ ಹಾಕುವ ಪ್ರತಿರೋಧದ ಸೂಚ್ಯಂಕ ಒಂದು ವರ್ಷದಲ್ಲಿ 3.0ರಿಂದ 1.8ಕ್ಕೆ ಇಳಿಯಿತು. ಕೆಲವರಿಗೆ ಮೊದಮೊದಲು ಹೊಟ್ಟೆನೋವು, ಹೊಟ್ಟೆಯುಬ್ಬರ ಕಾಡಿದವು. ಪೂರ್ತಿ ಅವಧಿ ಮುಗಿಸಿದವರು 24 ಜನ. ಸಂಖ್ಯೆ ಸಣ್ಣದು, ಇದನ್ನು ಚಿಕಿತ್ಸೆ ಎಂದು ಕರೆಯುವ ಧೈರ್ಯವನ್ನು ಆ ತಂಡವೂ ಮಾಡಿಲ್ಲ. ಕರುಳಿನ ಉರಿಯೂತ ರೋಗಗಳಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿದ ಪ್ರಯೋಗಗಳು ಮೊದಲು ಇದಕ್ಕಿಂತಲೂ ಆಸೆ ಹುಟ್ಟಿಸಿ, ದೊಡ್ಡ ಪರೀಕ್ಷೆಯಲ್ಲಿ ನೆಲಕಚ್ಚಿದ್ದನ್ನು ನೆನೆದರೆ ಆ ಎಚ್ಚರ ಸರಿಯಾದದ್ದೇ.

ಹೆಚ್ಚು ಭರವಸೆ ಇರುವುದು ಹುಳುವನ್ನು ಬಿಟ್ಟು ಹುಳುವಿನ ಅಣುಗಳನ್ನು ಬಳಸುವ ದಾರಿಯಲ್ಲಿ. ಸ್ಕಿಸ್ಟೋಸೋಮಾದ ಮೊಟ್ಟೆ ಸ್ರವಿಸುವ ಒಮೆಗಾ-1 ಎಂಬ ಪ್ರೋಟೀನು ಸ್ಥೂಲ ಇಲಿಗಳಲ್ಲಿ ತೂಕವನ್ನೂ ಇನ್ಸುಲಿನ್ ಪ್ರತಿರೋಧವನ್ನೂ ಇಳಿಸಿದೆ.

ಎದುರು ಬದಿಯ ಸಾಕ್ಷ್ಯ

ಪರಾವಲಂಬಿಗಳೆಲ್ಲ ಮಧುಮೇಹಕ್ಕೆ ತಡೆ ಎಂದು ತಿಳಿದರೆ ದಾರಿ ತಪ್ಪಿದಂತೆ. ಕಾಶ್ಮೀರದಲ್ಲಿ ದುಂಡುಹುಳುಗಳು ಕರುಳಿನಿಂದ ಮೇಲೇರಿ ಪಿತ್ತನಾಳಕ್ಕೂ ಮೇದೋಜೀರಕ ನಾಳಕ್ಕೂ ನುಗ್ಗಿ ತೀವ್ರ ಉರಿಯೂತ ತರುವುದನ್ನು ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಮತ್ತು ಸಂಗಡಿಗರು 1990ರಲ್ಲಿ 500 ರೋಗಿಗಳ ಆಧಾರದಲ್ಲಿ ವಿವರಿಸಿದರು. ಮೇದೋಜೀರಕ ಗ್ರಂಥಿ ಮತ್ತೆ ಮತ್ತೆ ಬಾತರೆ ಅದರ ಇನ್ಸುಲಿನ್ ಉತ್ಪಾದನೆಗೂ ಪೆಟ್ಟು ಬೀಳಬಹುದು. ಟಾಕ್ಸೊಪ್ಲಾಸ್ಮಾ ಸೋಂಕಿನ ಪ್ರತಿಕಾಯಗಳು ಮಧುಮೇಹಿಗಳಲ್ಲಿ ಹೆಚ್ಚು ಕಾಣುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತೀರ್ಮಾನವಾಗಿಲ್ಲ. ಸ್ಟ್ರಾಂಜಿಲಾಯ್ಡಿಸ್ ವಿಷಯದಲ್ಲೂ ಬ್ರೆಜಿಲ್‌ನ ಒಂದು ವರದಿ ಕಿಂಬರ್ಲಿಗೆ ತದ್ವಿರುದ್ಧವಾಗಿ, ಮಧುಮೇಹಿಗಳಲ್ಲೇ ಸೋಂಕು ಹೆಚ್ಚು ಎಂದಿತು.

ಮಲೇರಿಯಾದ ಕಥೆ ಬೇರೆ. ತೀವ್ರ ಫಾಲ್ಸಿಪೇರಮ್ ಮಲೇರಿಯಾದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಚಿಕಿತ್ಸೆಗೆ ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಕ್ವಿನೈನ್ ಇನ್ಸುಲಿನ್ ಸ್ರಾವವನ್ನು ಕೆರಳಿಸಿ ಸಕ್ಕರೆಯನ್ನು ಇನ್ನಷ್ಟು ಇಳಿಸುತ್ತದೆ. ಇನ್ನೊಂದು ಕಡೆ, ಘಾನಾದ ಕುಮಾಸಿಯಲ್ಲಿ ಎರಡನೆಯ ಬಗೆಯ ಮಧುಮೇಹಿಗಳಿಗೆ ಈ ಮಲೇರಿಯಾ ಸೋಂಕಿನ ಅಪಾಯ ಶೇ 46ರಷ್ಟು ಹೆಚ್ಚು ಎಂದು 2010ರಲ್ಲಿ ಕಂಡುಬಂತು.

ಪರಾವಲಂಬಿ ಮತ್ತು ಮಧುಮೇಹದ ನಡುವೆ ನೇರ ಕಾರ್ಯಕಾರಣ ಸಂಬಂಧ ಸಾಬೀತಾದ ಸಂದರ್ಭವೊಂದರಲ್ಲಿ ತಪ್ಪು ಜೀವಿಯದಾಗಿರಲಿಲ್ಲ, ಔಷಧದ್ದಾಗಿತ್ತು. ಬಿಹಾರದಲ್ಲಿ ಕಾಲಾ ಅಜಾರ್ ಹಳೆಯ ಔಷಧಗಳಿಗೆ ಬಗ್ಗದಿದ್ದಾಗ ಪೆಂಟಾಮಿಡಿನ್ ಚುಚ್ಚುಮದ್ದು ಬಳಸುತ್ತಿದ್ದರು. ಅದು ಬೀಟಾ ಕೋಶಗಳನ್ನೇ ಕೊಲ್ಲುತ್ತದೆ. ಕಾಲಾ ಅಜಾರ್ ವಾಸಿಯಾಗಿ ಮನೆಗೆ ಹೊರಟ ಕೆಲವರು ಬದುಕಿಡೀ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಆ ಔಷಧದ ಬಳಕೆ ಅಲ್ಲಿ ನಿಲ್ಲಲು ಇದೂ ಒಂದು ಕಾರಣ.

ಹುಸಿ ಹಕ್ಕುದಾರಿಕೆ

ಮಧುಮೇಹಕ್ಕೆ ಮೂಲ ಕಾರಣವೇ ಹುಳು, ಹುಳು ಕೊಂದರೆ ರೋಗ ಹೋಗುತ್ತದೆ ಎಂಬ ಪ್ರಚಾರವೂ ಚಾಲ್ತಿಯಲ್ಲಿದೆ. ಉತ್ತರ ಅಮೆರಿಕದ ಹುಲ್ಡಾ ಕ್ಲಾರ್ಕ್ ಎಂಬಾಕೆ 1990ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ದನಗಳ ಮೇದೋಜೀರಕ ಗ್ರಂಥಿಯಲ್ಲಿ ವಾಸಿಸುವ ಯೂರಿಟ್ರೀಮಾ ಎಂಬ ಚಪ್ಪಟೆಹುಳು ಎಲ್ಲ ಮಧುಮೇಹಿಗಳಲ್ಲೂ ಇರುತ್ತದೆ ಎಂಬುದು ಅವರ ವಾದ. ಆ ಹುಳು ಮನುಷ್ಯರಲ್ಲಿ ಸಿಕ್ಕಿರುವುದೇ ಜಗತ್ತಿನಲ್ಲಿ ಬೆರಳೆಣಿಕೆಯ ಸಂದರ್ಭಗಳಲ್ಲಿ. ಲಕ್ಷಾಂತರ ಶವಪರೀಕ್ಷೆಗಳಲ್ಲಿ, ಶಸ್ತ್ರಚಿಕಿತ್ಸೆಗಳಲ್ಲಿ ಮೇದೋಜೀರಕ ಗ್ರಂಥಿಯನ್ನು ಕಣ್ಣಾರೆ ಕಂಡ ವೈದ್ಯರ ಕಣ್ಣಿಗೆ ಬೀಳದ ಹುಳು ಇದು. ಈ ವಾದವನ್ನು ನಂಬಿ ಕಷಾಯ ಕುಡಿದು ಇನ್ಸುಲಿನ್ ಬಿಟ್ಟರೆ, ಮೊದಲನೆಯ ಬಗೆಯ ಮಧುಮೇಹಿ ಕೆಲವೇ ದಿನಗಳಲ್ಲಿ ಕೀಟೋನುಗಳೇರಿ ಜೀವಕ್ಕೆ ಸಂಚಕಾರ ತಂದುಕೊಳ್ಳುತ್ತಾರೆ.

ಚಿಕಿತ್ಸೆ ಮತ್ತು ಆರೋಗ್ಯ ಕಾರ್ಯಕ್ರಮಗಳ ಮಟ್ಟದಲ್ಲಿ

ಕರ್ನಾಟಕದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಈಶಾನ್ಯದ ಜಿಲ್ಲೆಗಳೂ ಕರಾವಳಿಯೂ ಆನೆಕಾಲು ರೋಗದ ಹಳೆಯ ನೆಲೆಗಳು. ಇಲ್ಲಿ ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆಗಳನ್ನು ಸಾಮೂಹಿಕವಾಗಿ ನುಂಗಿಸುವ ಕಾರ್ಯಕ್ರಮ ವರ್ಷಗಳಿಂದ ನಡೆದಿದೆ. ಐವರ್ಮೆಕ್ಟಿನ್ ಸೇರಿಸಿದ ಮೂರು ಔಷಧಗಳ ಕ್ರಮವನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಚೀಪಲು ಕೊಡುತ್ತಾರೆ. ಮೇಲೆ ಹೇಳಿದ ಸಂಶೋಧನೆಗಳು ಈ ಮಾತ್ರೆ ಬೇಡವೆನ್ನಲು ನೆಪವಾಗಲಾರವು. ಕೊಕ್ಕೆಹುಳು ಮಕ್ಕಳಿಗೂ ಬಸುರಿಯರಿಗೂ ತರುವ ರಕ್ತಹೀನತೆ ಕಣ್ಣೆದುರಿನ ಹಾನಿ. ಮಧುಮೇಹದಿಂದ ರಕ್ಷಣೆ ಇನ್ನೂ ವಾದದಲ್ಲಿರುವ ಲಾಭ. ಹುಳು ತೊಲಗಿದ ಊರುಗಳಲ್ಲಿ ತೂಕ, ಸಕ್ಕರೆಗಳ ತಪಾಸಣೆಯನ್ನೂ ಜೊತೆಗೇ ಚುರುಕುಗೊಳಿಸಬೇಕು ಎಂಬುದಷ್ಟೇ ಈ ಅಧ್ಯಯನಗಳಿಂದ ತೆಗೆದುಕೊಳ್ಳಬಹುದಾದ ನ್ಯಾಯವಾದ ಸಲಹೆ.

ವೈದ್ಯರ ಕೊಠಡಿಯಲ್ಲಿ ನೆನಪಿಡಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಸಂಬಂಧಿಸಿದ್ದು. ಈ ಪರೀಕ್ಷೆ ಕೆಂಪು ರಕ್ತಕಣದ ಆಯಸ್ಸನ್ನು ಅವಲಂಬಿಸಿದೆ. ಕೊಕ್ಕೆಹುಳುವಿನಿಂದ ಕಬ್ಬಿಣಾಂಶ ಬತ್ತಿದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮಲೇರಿಯಾದಿಂದ ರಕ್ತಕಣ ಒಡೆದವರಲ್ಲಿ ಕಡಿಮೆ ತೋರಿಸಬಹುದು. ಇಂಥವರಲ್ಲಿ ಉಪವಾಸದ ಮತ್ತು ಊಟದ ನಂತರದ ಸಕ್ಕರೆಯನ್ನೂ ನೋಡಬೇಕು. ಎರಡನೆಯದು ಸ್ಟ್ರಾಂಜಿಲಾಯ್ಡಿಸ್. ಇದು ಒಬ್ಬರ ಮೈಯಲ್ಲೇ ಮರುಸೋಂಕು ಮಾಡಿಕೊಳ್ಳುತ್ತ ದಶಕಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಆಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ಶುರು ಮಾಡಿದಾಗ ಸಕ್ಕರೆಯೂ ಏರುತ್ತದೆ, ಈ ಹುಳುವೂ ಲಗಾಮು ಕಳಚಿ ಮೈಯೆಲ್ಲ ಹರಡಿ ಪ್ರಾಣ ತೆಗೆಯಬಹುದು. ಸೋಂಕಿನ ಶಂಕೆ ಇದ್ದರೆ ಸ್ಟೀರಾಯ್ಡ್‌ಗೆ ಮುಂಚೆಯೇ ಪರೀಕ್ಷಿಸಿ ಐವರ್ಮೆಕ್ಟಿನ್ ಕೊಡುವುದು ರೂಢಿ.

ಮಧುಮೇಹವನ್ನು ತಡೆಯಲು ಅಥವಾ ಗುಣಪಡಿಸಲು ಜೀವಂತ ಹುಳುವನ್ನಾಗಲಿ ಹುಳುವಿನಿಂದ ತೆಗೆದ ವಸ್ತುವನ್ನಾಗಲಿ ಅಧಿಕೃತ ಚಿಕಿತ್ಸೆಯಾಗಿ ಇನ್ನೂ ಎಲ್ಲಿಯೂ ಬಳಕೆಗೆ ತಂದಿಲ್ಲ.